ನೆಟ್ಟಿಗೆ ಒಂದು ಗೇಣು ಹತ್ತಿರ

ಚಿತ್ರದಲ್ಲಿ ಒಂದು ಬೊಗಸೆ. ತೀರ ಹತ್ತಿರ ನಿಂತರೆ ಬರೀ ಬಣ್ಣದ ಚುಕ್ಕೆಗಳು. ಸಭಾಂಗಣದ ಕೊನೆಯ ಸಾಲಿನಷ್ಟು ದೂರ ಸರಿದರೆ ಚುಕ್ಕೆಗಳೆಲ್ಲ ಕೂಡಿಕೊಂಡು ಬೆರಳಾಗುತ್ತವೆ. ಬಲಗೈಯ ಹೆಬ್ಬೆರಳಿನ ಉಗುರು ಯಾವುದೋ ಹಳೆಯ ಪೆಟ್ಟಿನಿಂದ ಕಪ್ಪಾಗಿದೆ. ಬೊಗಸೆಯ ಮೇಲೆ ಬೆಳ್ಳಿ ಹಾಳೆಯಲ್ಲಿ ಸುತ್ತಿದ ಒಂದು ಪೊಟ್ಟಣ. ಅದನ್ನು ಇಡುತ್ತಿರುವ ಮತ್ತೊಂದು ಕೈ ಚೌಕಟ್ಟಿನ ಅಂಚಿನಿಂದ ಒಳಗೆ ಚಾಚಿಕೊಂಡಿದೆ; ಅದರ ಮಣಿಕಟ್ಟಿನಲ್ಲಿ ದುಬಾರಿ ಗಡಿಯಾರ. ಬೊಗಸೆಯ ಹಿಂದೆ ಬಾಗಿದ ತಲೆ, ನೂಲಿನ ಬಿಳಿ ಟೊಪ್ಪಿ, ಕೆಳಗಿಳಿದ ರೆಪ್ಪೆ. ಅದರಾಚೆ ಕುವೈತಿನ ಸುಲೈಬಿಯಾದ ಗೋದಾಮಿನ ತಗಡಿನ ಗೋಡೆ, ಗೋಡೆಯ ಮೇಲೆ ಮುಗಿಯುತ್ತ ಬಂದ ಹಗಲಿನ ಜೇನುಬಣ್ಣ. ಎಲ್ಲಕ್ಕೂ ಕೆಳಗೆ ದಪ್ಪ ಅಕ್ಷರಗಳ ಒಂದು ಸಾಲು: ‘ನಿಮ್ಮ ಕರುಣೆಗಾಗಿ ಕಾದಿರುವ ಕೈಗಳು.’

ಆ ಕೈಗಳು ಅಝರುದ್ದೀನನ ತಂದೆ ಸೈದು ಅವರವು.

ಅಝರುದ್ದೀನ್ ಆ ಚಿತ್ರವನ್ನು ಮೊದಲು ಕಂಡದ್ದು ಎರಡು ಸಾವಿರದ ಒಂಬತ್ತರ ಚಳಿಗಾಲ ಕಾಲಿಡುತ್ತಿದ್ದಾಗ, ಕುವೈತಿನ ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರ ಸಭಾಂಗಣದ ಗೋಡೆಯ ಮೇಲೆ. ಅವನು ಅಲ್ಲಿ ಸಿವಿಲ್ ವಿಭಾಗದ ಮೂರನೆಯ ವರ್ಷದ ವಿದ್ಯಾರ್ಥಿ. ಅಂದು ‘ಕರಾವಳಿ ಬಳಗ’ದ ವಾರ್ಷಿಕೋತ್ಸವ. ಮಂಗಳೂರು, ಉಡುಪಿ ಕಡೆಯ ಹುಡುಗರು ಸೇರಿ ಕಟ್ಟಿಕೊಂಡ ಬಳಗ ಅದು. ಸೇರಿದ ಮೊದಲ ವರ್ಷ ಹಿರಿಯರ ಚಾಕರಿ. ಅದು ಮುಗಿದರೆ ಬದುಕಿನುದ್ದಕ್ಕೂ ಅಣ್ಣತಮ್ಮಂದಿರ ನಂಟು. ಶುಕ್ರವಾರ ವಾಲಿಬಾಲ್, ಚಳಿಗಾಲದಲ್ಲಿ ರಕ್ತದಾನ, ರಂಜಾನಿನಲ್ಲಿ ಕಾರ್ಮಿಕರ ಕ್ಯಾಂಪುಗಳಿಗೆ ಇಫ್ತಾರಿನ ಪೊಟ್ಟಣ. ಬಳಗದ ಅಧ್ಯಕ್ಷನೂ ವಾಲಿಬಾಲ್ ತಂಡದ ನಾಯಕನೂ ಕೊನೆಯ ವರ್ಷದ ನೌಷಾದ್. ಅವನ ತಂದೆ ಅಹ್ಮದ್ ಬಾವಾ ಮೈದಾನ್ ಹವಲ್ಲಿಯಲ್ಲಿ ಅಂಗಡಿಗಳ ಸಾಲನ್ನೇ ಇಟ್ಟವರು; ಪೊಟ್ಟಣಗಳೂ ಆಟದ ಜರ್ಸಿಗಳೂ ಅವರ ಕೊಡುಗೆ.

ಸುಲೈಬಿಯಾದಲ್ಲಿ ಆ ಸಂಜೆ ನಡೆದದ್ದು ಚಿತ್ರ ಹೇಳುವ ಕಥೆಯಾಗಿರಲಿಲ್ಲ. ಸೈದು ಅಲ್ಲಿನ ತರಕಾರಿ ಗೋದಾಮೊಂದರ ಮೇಲ್ವಿಚಾರಕರು. ಫರ್ವಾನಿಯಾದಲ್ಲಿ ಸಂಸಾರ ಹೂಡಿ ದಿನವೂ ಕಂಪನಿಯ ವ್ಯಾನಿನಲ್ಲಿ ಹೋಗಿಬರುವವರು. ಮಗನ ಬಳಗ ಬರುತ್ತದೆಂದು ಕೇಳಿ ಕ್ಯಾಂಪಿನ ಮುಖ್ಯಸ್ಥನೊಡನೆ ತಾವೇ ಮಾತಾಡಿ, ಗೋದಾಮಿನ ಅಂಗಳಕ್ಕೆ ನೀರು ಚಿಮುಕಿಸಿ ಚಾಪೆ ಹಾಸಿಸಿದ್ದರು. ಕಾರ್ಮಿಕರೆಲ್ಲ ಕುಳಿತ ಮೇಲೆ ಒಂದು ಬದಿಯಲ್ಲಿ ನಿಂತಿದ್ದರು. ಮಸೀದಿಯ ಬಾಂಗ್ ಕೇಳಿಸಿತು. ನೌಷಾದ್ ಅವರತ್ತ ತಿರುಗಿ ಒಂದು ಪೊಟ್ಟಣ ಚಾಚಿದ. ಉಪವಾಸ ಬಿಡುವ ಹೊತ್ತಿನಲ್ಲಿ ಎದುರಿಗೆ ಬಂದ ತುತ್ತನ್ನು ಕರಾವಳಿಯ ಬ್ಯಾರಿ ಮುಸಲ್ಮಾನರು ಹಿಂದಕ್ಕೆ ತಳ್ಳುವುದಿಲ್ಲ. ತಳ್ಳಿದರೆ ಕೊಡುವವನ ಪುಣ್ಯವನ್ನೇ ಕಿತ್ತುಕೊಂಡಂತೆ. ಉಳ್ಳವನಿರಲಿ, ಇಲ್ಲದವನಿರಲಿ, ಎರಡೂ ಕೈಯೊಡ್ಡಿ ತಲೆ ಬಾಗಿಸಿ ತೆಗೆದುಕೊಳ್ಳುವುದು ವಾಡಿಕೆ. ಸೈದು ಹಾಗೆಯೇ ತೆಗೆದುಕೊಂಡರು. ಬಳಗದ ಕಾರ್ಯದರ್ಶಿ ಆಲ್‌ಸ್ಟನ್ ಕ್ಯಾಮೆರಾ ಒತ್ತಿದ. ಕೊಂಕಣಿ ಮಾತಾಡುವ ಕ್ರೈಸ್ತರ ಮನೆಯ ಆ ಹುಡುಗನಿಗೆ ಈ ವಾಡಿಕೆ ಗೊತ್ತಿರಲಿಲ್ಲ, ಇವರು ಯಾರೆಂಬುದೂ ಗೊತ್ತಿರಲಿಲ್ಲ. ನೌಷಾದನಿಗೆ ಎರಡೂ ಗೊತ್ತಿತ್ತು.

ವಾರ್ಷಿಕೋತ್ಸವದಂದು, ಆ ಚಿತ್ರವನ್ನು ಇಳಿಸಿಬಿಡಿ ಎಂದು ಅಝರುದ್ದೀನ್ ಮೆಲ್ಲಗೆ ಕೇಳಿಕೊಂಡ. ವೇದಿಕೆಯ ಮೇಲೆ ಮೈಕು ಸರಿಪಡಿಸುತ್ತಿದ್ದ ನೌಷಾದ್ ಒಮ್ಮೆ ಚಿತ್ರವನ್ನೂ ಒಮ್ಮೆ ಅವನನ್ನೂ ನೋಡಿ ನಕ್ಕ.

“ನಿನ್ನ ಬಾಪ ಫೋಟೋದಲ್ಲಿ ಲಾಯ್ಕ ಬಂದಿದ್ದಾರೆ ಮಾರಾಯ. ಅಷ್ಟು ಒಳ್ಳೆ ಬಡವನ ಮುಖ ಇಡೀ ಕ್ಯಾಂಪಲ್ಲಿ ಇನ್ನೊಂದು ಸಿಗ್ಲಿಲ್ಲ.”

“ಅವರು ತೆಗೊಳ್ಳಲಿಕ್ಕೆ ಬಂದವರಲ್ಲ ಭಾಯಿ. ನಿಮಗೆ ಗೊತ್ತುಂಟು.”

“ತೆಗೊಂಡದ್ದು ಹೌದಲ್ವಾ? ಖಲಾಸ್. ಚಾರಿಟಿಗೆ ಒಂದು ಮುಖ ಬೇಕು. ಹೋಗು, ಕುರ್ಚಿ ಹಾಕು.”

ಅವನು ಹೋಗಿ ಕುರ್ಚಿ ಹಾಕಿದ. ಸಾಲು ಎಲ್ಲಿಯೂ ಸೊಟ್ಟಗಾಗದಂತೆ ಹಾಕಿದ.

ಸುದ್ದಿ ಅವನಿಗಿಂತ ಮೊದಲೇ ಫರ್ವಾನಿಯಾ ತಲುಪಿತ್ತು. ಪಕ್ಕದ ಫ್ಲ್ಯಾಟಿನ ಸೈನಬಾ ಅವನ ತಾಯಿ ಆಸಿಯಮ್ಮನನ್ನು ಬದಿಗೆ ಕರೆದು, ಮನೆಯಲ್ಲಿ ಅಡಚಣೆಯಿದ್ದರೆ ನಾಚಿಕೊಳ್ಳಬಾರದು, ಝಕಾತಿನ ದಾನ ಕೊಡುವವರು ತಮ್ಮ ಪೈಕಿಯವರೇ ಇದ್ದಾರೆ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಆಸಿಯಮ್ಮ ಆ ರಾತ್ರಿ ಊಟಕ್ಕೆ ಕೂರಲಿಲ್ಲ. ಸೈದು ಮಾತ್ರ ಎಂದಿನಂತೆ ಉಂಡು, ಕೈ ತೊಳೆದು, ಮಗನಿಗೆ ಇಷ್ಟೇ ಹೇಳಿದರು: “ತೆಗೆದುಕೊಂಡದ್ದು ಸುಳ್ಳಲ್ಲವಲ್ಲ ಮೋನೆ. ಬಿಟ್ಟುಬಿಡು.”

ಬಿಟ್ಟುಬಿಡಬಹುದಿತ್ತೇನೋ, ಅವರು ನಿಜವಾಗಿ ಬಿಟ್ಟಿದ್ದರೆ. ಮರುದಿನದಿಂದ ಕುಬ್ಬೂಸ್ ರೊಟ್ಟಿ ತರಲು ಬೀದಿಗಿಳಿಯುವಾಗಲೂ ಅವರು ಇಸ್ತ್ರಿ ಮಾಡಿದ ಅಂಗಿ ತೊಡತೊಡಗಿದರು, ಜೇಬಿನಲ್ಲಿ ಪೆನ್ನು. ಮದುವೆಯ ಮನೆಯಲ್ಲಿ ಯಾರಾದರೂ ತಟ್ಟೆ ಕೊಟ್ಟರೆ, ಕೈ ಮುಂದೆ ಬರುವ ಮೊದಲು ಕಣ್ಣು ಸುತ್ತ ಅಲೆದು ಬರುತ್ತಿತ್ತು, ಎಲ್ಲಿಯಾದರೂ ಕ್ಯಾಮೆರಾ ಇದೆಯೇ ಎಂದು. ಎಷ್ಟೋ ಬೇಸಗೆಗಳನ್ನು ಮರಳುಗಾಡಿನ ನಡುವೆ ನೆಟ್ಟಗೆ ನಿಂತು ಕಳೆದ ಮನುಷ್ಯ ಒಂದು ತಟ್ಟೆ ಅನ್ನದ ಎದುರು ಹೀಗೆ ಅಳುಕುವುದನ್ನು ಮಗ ಮೇಜಿನ ಆಚೆಯಿಂದ ನೋಡಿದ. ಅವನೊಳಗೆ ಕುದಿಯುತ್ತಿದ್ದದ್ದು ಅಂದು ತಣ್ಣಗಾಯಿತು. ತಣ್ಣಗಾದದ್ದಕ್ಕೆ ಅಲಗಿನ ಅಂಚು ಬಂತು.

ಬಳಗವನ್ನು ಅವನು ತೊರೆಯಲಿಲ್ಲ. ಆಲ್‌ಸ್ಟನ್ ರಕ್ತದಾನ ಶಿಬಿರಕ್ಕೆ ಆಳು ಸಾಲದೆನ್ನುವಾಗ ಮೊದಲು ತೋಳು ಮಡಚಿದವನು ಅವನೇ. ಕಾಲೇಜಿನ ಪ್ರಯೋಗಾಲಯದಲ್ಲಿ ಉಕ್ಕಿನ ಸರಳನ್ನು ಯಂತ್ರಕ್ಕೆ ಸಿಕ್ಕಿಸಿ ಎಳೆಯುವ ಪಾಠ ಆ ದಿನಗಳಲ್ಲಿ ನಡೆಯುತ್ತಿತ್ತು. ಸರಳು ಒಮ್ಮೆಗೇ ತುಂಡಾಗುವುದಿಲ್ಲ. ಬಹಳ ಹೊತ್ತು ಏನೂ ಆಗದಂತೆ ಇರುತ್ತದೆ. ಆಮೇಲೆ ಒಂದೆಡೆ, ಹೆಣ್ಣಿನ ನಡುವಿನಂತೆ, ಸಣ್ಣಗಾಗುತ್ತದೆ. ಉಳಿದ ಹುಡುಗರು ಟಪ್ಪೆಂಬ ಸದ್ದಿಗೆ ಕಾಯುತ್ತಿದ್ದರೆ ಅಝರುದ್ದೀನನ ಕಣ್ಣು ಆ ನಡುವಿನ ಮೇಲೆ ನೆಟ್ಟಿರುತ್ತಿತ್ತು.

ತಂಡದಲ್ಲಿ ಅವನು ಲಿಫ್ಟರ್. ಚೆಂಡನ್ನು ನೆಟ್ಟಿನ ಮೇಲಕ್ಕೆ ಎತ್ತಿ ಕೊಡುವವನು. ಹೊಡೆಯುವವನು ನೌಷಾದ್. ಚಪ್ಪಾಳೆಯೆಲ್ಲ ಚೆಂಡು ಹೊಡೆದವನಿಗೆ, ಎತ್ತಿದವನನ್ನು ಯಾರೂ ನೋಡುವುದಿಲ್ಲ. ಆದರೆ ನೆಲ ಬಿಟ್ಟು ಹಾರಿದ ಮೇಲೆ ಹೊಡೆಯುವವನ ಮಾನವೆಲ್ಲ ಎತ್ತಿದವನ ಬೆರಳ ತುದಿಯಲ್ಲಿರುತ್ತದೆ. ಚೆಂಡು ನೆಟ್ಟಿನಿಂದ ಒಂದು ಮೊಳ ಈಚೆ ಬಂದರೆ ತೋಳು ಪೂರ್ತಿ ಬೀಸಬಹುದು. ಅಲ್ಲಿಂದ ನೆಟ್ಟಿನತ್ತ ಒಂದು ಗೇಣು ಒಳಗೆ ಸರಿದರೆ ತೋಳಿಗೆ ಜಾಗವಿಲ್ಲ: ಹೊಡೆತ ನೆಟ್ಟಿಗೆ ಬೀಳುತ್ತದೆ, ಇಲ್ಲವೆ ಎದುರಿನವರ ಅಂಗೈಗೆ ಬಡಿದು ಮುಖಕ್ಕೇ ಮರಳುತ್ತದೆ. ನೋಡುವವರಿಗೆ ಎರಡೂ ಒಂದೇ ಥರದ ಚಂದದ ಲಿಫ್ಟು. ಆ ಗೇಣಿನ ಅಂತರ ಗೊತ್ತಾಗುವುದು ಗಾಳಿಯಲ್ಲಿ ತೂಗುತ್ತಿರುವವನಿಗೆ ಮಾತ್ರ.

ಆ ಚಳಿಗಾಲ ಅವನು ನೌಷಾದನಿಗೆ ಎತ್ತಿಕೊಟ್ಟಂಥ ಚೆಂಡುಗಳನ್ನು ಕುವೈತಿನಲ್ಲಿ ಯಾರೂ ಯಾರಿಗೂ ಕೊಟ್ಟಿರಲಾರರು. ಉಳಿದವರು ಮನೆಗೆ ಹೋದ ಮೇಲೂ ಇಬ್ಬರೇ ಉಳಿದು ಅಭ್ಯಾಸ ಮಾಡಿದರು. ನೌಷಾದ್ ಚೆಂಡನ್ನು ನೋಡುವುದನ್ನೇ ಬಿಟ್ಟ. ಕಣ್ಣು ಮುಚ್ಚಿ ಹಾರಿದರೂ ಅದು ತನ್ನ ಅಂಗೈಗೆ ಬಂದು ಸೇರುತ್ತದೆಂಬ ನಂಬಿಕೆ ಅವನ ಮೈಗೇ ಹತ್ತಿತು. ತನ್ನ ಅರ್ಧ ಪ್ರಾಣ ಇವನು ಎಂದು ಎಲ್ಲರೆದುರು ಅಝರುದ್ದೀನನ ಹೆಗಲ ಮೇಲೆ ಕೈ ಹಾಕಿ ಹೇಳಿಕೊಂಡ. ಆ ತೋಳಿನ ಭಾರವನ್ನು ಇವನು ಮುಗುಳ್ನಕ್ಕು ಹೊತ್ತ. ಗೆಲುವಿನ ಮೇಲೆ ಗೆಲುವು ಬಂದು ತಂಡ ಕಾಲೇಜುಗಳ ಫೈನಲ್ ತಲುಪಿತು. ಗಲ್ಫ್ ಕಾಲೇಜುಗಳ ಜಂಟಿ ತಂಡಕ್ಕೆ ಆಟಗಾರರನ್ನು ಆರಿಸುವವರು ಅಂದು ಬರುತ್ತಾರೆ, ನೌಷಾದನ ಹೆಸರು ಆಗಲೇ ಅವರ ಬಾಯಲ್ಲಿದೆ ಎಂಬ ಮಾತು ಹಬ್ಬಿತು.

ಫೈನಲ್ ನಡೆದದ್ದು ಫೆಬ್ರವರಿಯ ಒಂದು ಶುಕ್ರವಾರ, ಇಳಿಹೊತ್ತಿನ ಅಸರ್ ನಮಾಜಿನ ನಂತರ. ಎದುರಾಳಿಗಳು ಇನ್ನೊಂದು ಕಾಲೇಜಿನ ಮಲಯಾಳಿ ಹುಡುಗರು, ಎತ್ತರದವರು. ಮುಂದಿನ ಸಾಲಿನಲ್ಲಿ ಆಯ್ಕೆಗಾರರ ಪಕ್ಕ ಅತ್ತರು ಪೂಸಿಕೊಂಡ ಅಹ್ಮದ್ ಬಾವಾ. ಸೈದು ಬಂದಿರಲಿಲ್ಲ, ಚಿತ್ರದ ಸುದ್ದಿ ಕೇಳಿದಂದಿನಿಂದ ಅವರು ಆ ಕಾಲೇಜಿನ ಬೀದಿಯನ್ನೇ ಬಿಟ್ಟಿದ್ದರು.

ಮೊದಲ ಸೆಟ್ಟಿನಲ್ಲಿ ಅಝರುದ್ದೀನ್ ಎಲ್ಲವನ್ನೂ ಕೊಟ್ಟ. ನೌಷಾದನ ಹೊಡೆತಗಳು ಮರದ ನೆಲಕ್ಕೆ ಗುಂಡಿನಂತೆ ಬಿದ್ದವು. ಸಭೆ ಅವನ ಹೆಸರು ಹಿಡಿದು ಕೂಗಿತು, ಆಯ್ಕೆಗಾರರು ತಲೆಯಾಡಿಸಿದರು, ಅಹ್ಮದ್ ಬಾವಾ ಎದ್ದು ನಿಂತು ಸುತ್ತಲಿನವರ ಕೈ ಕುಲುಕಿದರು. ಬೀಳಬೇಕಾದವನು ಎತ್ತರದಿಂದಲೇ ಬೀಳಬೇಕು. ಎರಡನೆಯ ಸೆಟ್ಟಿನಲ್ಲಿ ಅಝರುದ್ದೀನ್ ಚೆಂಡನ್ನು ಒಂದು ಗೇಣು ಒಳಗೆ ಸರಿಸಿದ.

ಮೊದಲ ಹೊಡೆತ ನೆಟ್ಟಿಗೆ ಬಿತ್ತು. ನೌಷಾದ್ ನಕ್ಕು ತೋಳು ಕೊಡವಿದ. ಮುಂದಿನದು ಎದುರಿನ ಅಂಗೈಗಳಿಗೆ ಬಡಿದು ಅವನ ಹಣೆಗೇ ತಾಗಿ ಹೊರಹೋಯಿತು. ಯಾರೋ ಸಿಳ್ಳೆ ಹಾಕಿದರು. ಮತ್ತೊಂದರಲ್ಲಿ ಮೊಣಕೈ ನೆಟ್ಟಿಗೆ ತಾಗಿ ಫೌಲ್. ನಡುನಡುವೆ ಅಝರುದ್ದೀನ್ ಇನ್ನೊಬ್ಬ ಹೊಡೆತಗಾರ ಬೀರಾನನಿಗೆ ಎತ್ತಿದ. ಅವು ಒಂದೂ ತಪ್ಪದೆ ಅಂಕವಾದವು. ಹಾಗಾಗಿ ತಪ್ಪು ಎತ್ತುವವನದೆಂದು ಯಾರಿಗೂ ಅನ್ನಿಸಲಿಲ್ಲ. ಸ್ವಲ್ಪ ಹೊರಗೆ ಎತ್ತು ಎಂದು ನೌಷಾದ್ ಹಲ್ಲು ಕಚ್ಚಿ ಹೇಳಿದ. ಸರಿ ಭಾಯಿ ಎಂದು ಇವನು ಅದೇ ಗೇಣಿಗೆ ಎತ್ತಿದ. ಸೆಟ್ಟು ಕೈತಪ್ಪಿತು. ಕಡೆಯ ಸೆಟ್ಟೂ ಜಾರತೊಡಗಿದಾಗ ನೌಷಾದ್ ಬಿಡುವು ಕೇಳಿ ಇವನನ್ನು ಮೂಲೆಗೆ ಎಳೆದೊಯ್ದ. ಅವನ ಕಣ್ಣಲ್ಲಿ ಅರಿವು ಮೂಡಿತ್ತು.

“ಬೇಕಂತಲೇ ಮಾಡ್ತಿದ್ದೀಯಾ?”

“ಆಟ ಮುಗಿದ ಮೇಲೆ ಮೈಕಿನಲ್ಲಿ ನನ್ನ ಬಾಪನ ಹೆಸರು ಹೇಳಿ,” ಎಂದ ಅಝರುದ್ದೀನ್, ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ. “ಅವರು ಬೇಡಲಿಕ್ಕೆ ಬಂದವರಲ್ಲ ಅಂತ ಹೇಳಿ. ಈಗಲೇ ಹೊರಗೆ ಎತ್ತುತ್ತೇನೆ.”

ನೌಷಾದ್ ಮುಂದಿನ ಸಾಲಿನತ್ತ ನೋಡಿದ. ತಂದೆಯ ಎರಡೂ ಕೈ ಈಗ ಮಡಿಲಲ್ಲಿದ್ದವು. “ಆ ಒಂದು ಫೋಟೋಕ್ಕಾ? ತಲೆ ಸರಿ ಉಂಟಾ ನಿನಗೆ?” ಎಂದು ತಿರುಗಿ ನಡೆದ.

ತನಗೆ ಎತ್ತುವುದು ಬೇಡ, ಬೀರಾನನಿಗೇ ಕೊಡು ಎಂದು ಅವನು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟು ಕಣ್ಣುಗಳ ಎದುರು, ಆ ತಂದೆಯ ಎದುರು, ನಾಯಕನ ಬಾಯಿಂದ ಆ ಮಾತು ಹೊರಡಲಿಲ್ಲ. ಚೆಂಡು ಮೇಲೇರಿತು, ಅವನು ಹಾರಿದ. ಮತ್ತೆ ಏರಿತು, ಮತ್ತೆ ಹಾರಿದ. ಪ್ರತಿ ಸಲವೂ ಹಾರುವ ಮುಂಚೆಯೇ ಅವನ ಮುಖದಲ್ಲಿ ಸೋಲು ಕಾಣುತ್ತಿತ್ತು, ಆದರೂ ಹಾರಿದ. ಅಝರುದ್ದೀನ್ ಅದನ್ನು ಒಂದೊಂದಾಗಿ, ನಿಧಾನವಾಗಿ, ಬಾಯಾರಿದವನು ನೀರು ಕುಡಿಯುವಂತೆ ನೋಡಿದ. ಕೊನೆಯ ಹೊಡೆತ ನೆಟ್ಟಿನಲ್ಲಿ ಸಿಕ್ಕಿ ಅವನ ಕಾಲ ಬಳಿಗೇ ಉರುಳಿದಾಗ, ಸಭೆಯ ನಗು ಸದ್ದಡಗುವ ಮೊದಲೇ ಅಹ್ಮದ್ ಬಾವಾ ಎದ್ದು ಹೊರಟುಹೋಗಿದ್ದರು.

ಬಟ್ಟೆ ಬದಲಿಸುವ ಕೋಣೆಗೆ ನೌಷಾದ್ ಎಲ್ಲರಿಗಿಂತ ಕೊನೆಗೆ ಬಂದ. ಬಂದವನೇ ಬೆರಳು ತೋರಿಸಿ, ಇವನೇ ಸೋಲಿಸಿದ್ದು, ತನಗೆ ಬಂದದ್ದೆಲ್ಲ ನೆಟ್ಟಿನ ಮೇಲೇ ಬಂತು ಎಂದು ಹೇಳಿದ. ಮೈಕಿನ ಮಾತನ್ನು ಹೇಳಲಿಲ್ಲ. ಯಾರೂ ನಂಬಲಿಲ್ಲ. ಆಲ್‌ಸ್ಟನ್ ಬೇಸರದಿಂದ ತಲೆಯಾಡಿಸಿದ.

“ಸುಮ್ಮನೆ ಅವನ ಮೇಲೆ ಹಾಕ್ಬೇಡ ಮಾರಾಯ. ಲಿಫ್ಟೆಲ್ಲ ಲಾಯ್ಕ ಇತ್ತು. ನಾನು ಇಡೀ ಮ್ಯಾಚ್ ವಿಡಿಯೊ ಮಾಡಿದ್ದೇನೆ, ಬೇಕಾದ್ರೆ ನೋಡು.”

ನೌಷಾದ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಕಂಡದ್ದೇ ನಿಜವೆಂದು ನಂಬಿದ ಮುಖಗಳು. ಇನ್ನು ಅಝರುದ್ದೀನ್ ಸುಮ್ಮನೆ ಕುಳಿತಿದ್ದರೆ ಸಾಕಿತ್ತು, ಬಯಸಿದ್ದೆಲ್ಲ ಆಗಿಹೋಗಿತ್ತು. ಆಗ ನೌಷಾದ್ ಅವನೆದುರು ಮೊಣಕಾಲೂರಿ ಕುಳಿತು, ಇಡೀ ದಿನದಲ್ಲಿ ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದ.

“ನೀನು ಸರಿಯಾಗಿ ಎತ್ತಿದ್ದು ಅಂತ ನಿನ್ನ ಬಾಪನ ಮೇಲೆ ಆಣೆ ಇಟ್ಟು ಹೇಳು. ಅಷ್ಟು ಸಾಕು. ನಾನು ಎಲ್ಲರ ಕಾಲು ಹಿಡಿದು ಹೋಗ್ತೇನೆ.”

ಒಂದು ಸುಳ್ಳು ಸಾಕಿತ್ತು, ನೌಷಾದನ ತಲೆ ಎಂದೆಂದಿಗೂ ಮೇಲೇಳದಂತೆ ಮಾಡಲು. ಅದು ನಾಲಗೆಯ ತುದಿಯವರೆಗೂ ಬಂತು. ಆದರೆ ತನ್ನ ಬಾಪನನ್ನು ಒಮ್ಮೆ ಯಾರೋ ತಮಗೆ ಬೇಕಾದಂತೆ ಬಳಸಿಕೊಂಡಾಗಿತ್ತು. ಈಗ ಅದೇ ಕೆಲಸ ತನ್ನ ಬಾಯಿಂದ ಆಗಬೇಕಾಗಿತ್ತು.

“ಇಲ್ಲ,” ಎಂದ ಅಝರುದ್ದೀನ್. “ನಿನಗೆ ಕೊಟ್ಟದ್ದೆಲ್ಲ ಒಂದು ಗೇಣು ಒಳಗೆ. ಬೇಕಂತಲೇ ಕೊಟ್ಟೆ.”

ಭಾಯಿ ಎಂಬ ಮಾತು ಅವನ ಬಾಯಿಂದ ಬಿದ್ದುಹೋದದ್ದನ್ನು ಎಲ್ಲರೂ ಗಮನಿಸಿದರು. ಆಮೇಲೆ ಅವನು ಹೇಳಿದ: ಸಭಾಂಗಣದ ಆ ಕೈಗಳು ಯಾರವು, ಅವು ಯಾಕೆ ಮುಂದೆ ಬಂದವು, ಅದು ಗೊತ್ತಿದ್ದವನು ಯಾರು, ಬಿಡುವಿನಲ್ಲಿ ತಾನು ಕೇಳಿದ್ದೇನು. ಆಲ್‌ಸ್ಟನ್ ಕೈಯಲ್ಲಿದ್ದ ಕ್ಯಾಮೆರಾವನ್ನು ಬೆಂಚಿನ ಮೇಲಿಟ್ಟ. ಅಝರುದ್ದೀನ್ ನೌಷಾದನ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ.

“ನಾನು ಎತ್ತಿದ ಒಂದು ಬಾಲನ್ನೂ ನೀನು ಬೇಡ ಅನ್ಲಿಲ್ಲ ನೌಷಾದ್. ಅಷ್ಟು ಜನರ ಮುಂದೆ ಬೇಡ ಅನ್ಲಿಕ್ಕೆ ಆಗೂದಿಲ್ಲ. ಬಾಪನಿಗೂ ಆಗ್ಲಿಲ್ಲ.”

ನೌಷಾದ್ ತಲೆ ತಗ್ಗಿಸಿದ. ಆದರೂ ತಪ್ಪಾಯಿತೆನ್ನಲಿಲ್ಲ. ಮಾತಾಡಿದವನು ಬೀರಾನ್. ಇಡೀ ಚಳಿಗಾಲ ಮಂಡಿ ತರಚಿಕೊಂಡು ಚೆಂಡು ಹಿಡಿದವನು ಅವನು.

“ಅವನು ಮಾಡಿದ್ದು ಹೌದು. ನಾವು ಎಂತ ಮಾಡಿದ್ದೆವು ಅಝರ್?”

ಕ್ಷಮೆ ಕೇಳಬೇಕೆಂದು ಅಝರುದ್ದೀನನಿಗೆ ಅನ್ನಿಸಿತು. ಕೇಳಿದರೆ ಗೆಲುವು ಕೈಯಿಂದ ಸೋರಿಹೋಗುತ್ತದೆ ಎಂದೂ ಅನ್ನಿಸಿತು. ಕೇಳಲಿಲ್ಲ. ಬೆವರಿನಿಂದ ಒದ್ದೆಯಾಗಿದ್ದ ಜರ್ಸಿಯನ್ನು ಕಳಚಿ ಬೆಂಚಿನ ಮೇಲಿಟ್ಟು, ತನ್ನ ಅಂಗಿ ತೊಟ್ಟು, ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡ. ಬಳಗದಲ್ಲಿ ಅಣ್ಣತಮ್ಮ ಎಂದು ಕರೆದವರು ಯಾರೂ ಅವನನ್ನು ಬೈಯಲಿಲ್ಲ, ಇರು ಎಂದೂ ಅನ್ನಲಿಲ್ಲ. ದಾರಿ ಬಿಡಲು ಕಾಲುಗಳನ್ನು ಒಳಗೆಳೆದುಕೊಂಡರು. ಆ ಕಾಲುಗಳ ನಡುವೆ ಅವನು ನೆಟ್ಟಗೆ ನಡೆದುಹೋದ. ಹೊರಗಿನ ಓಣಿಯಲ್ಲಿ ಮರಳಿನ ವಾಸನೆಯ ಚಳಿಗಾಳಿ ಮುಖಕ್ಕೆ ಬಡಿಯಿತು, ಮತ್ತು ಅವನ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು.