ಹದ್ದಿನ ಕಣ್ಣು ತಪ್ಪಿದ ಹತ್ತು ಸೆಕೆಂಡು

ಕಾಲೇಜು ಕುಸ್ತಿಯವರೆಲ್ಲ ಆ ರೆಫರಿಯನ್ನು ಹದ್ದು ಎಂದೇ ಕರೆಯುತ್ತಿದ್ದರು, ಅದೂ ಎದುರಿಗೇ. ಅವರೇ ಆಸೆಪಟ್ಟು ಬೆಳೆಸಿಕೊಂಡ ಹೆಸರದು. ಮೂವತ್ತೊಂದು ವರ್ಷದಲ್ಲಿ ತಾವು ಕೊಟ್ಟ ಒಂದು ತೀರ್ಪೂ ಬದಲಾಗಿಲ್ಲ ಎಂದು ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಬದಲಾಗದಿರಲು ಕಾರಣ ಅವರ ಕಣ್ಣೋ, ಕ್ಯಾಮೆರಾಕ್ಕೆ ಸದಾ ಅಡ್ಡ ನಿಲ್ಲುತ್ತಿದ್ದ ಅವರ ಅಗಲವಾದ ಬೆನ್ನೋ ಎಂದು ವಿಚಾರಿಸುವ ಉಸಾಬರಿಗೆ ಯಾರೂ ಹೋಗಿರಲಿಲ್ಲ.

ಆವತ್ತು ಅವರ ಕೊನೆಯ ಪಂದ್ಯ, ಅಂತರ ಕಾಲೇಜು ಹುಡುಗಿಯರ ಫೈನಲ್. ಇಷ್ಟು ವರ್ಷದಲ್ಲಿ ಒಮ್ಮೆಯೂ ಕುಸ್ತಿ ನೋಡಲು ಬರದಿದ್ದ ಹೆಂಡತಿ ಆವತ್ತು ಬಂದು ಎರಡನೇ ಸಾಲಿನಲ್ಲಿ ಕೂತಿದ್ದರು. ಮಗಳು ಫೋನ್ ಮಾಡಿ, "ಅಪ್ಪನ ಕೊನೇ ಮ್ಯಾಚು, ಪೂರ್ತಿ ವಿಡಿಯೋ ಮಾಡಮ್ಮ" ಎಂದಿದ್ದಳಂತೆ. ಹದ್ದು ಬಿಳಿ ಶರ್ಟಿಗೆ ಎರಡು ಸಲ ಇಸ್ತ್ರಿ ಹಾಕಿಸಿದ್ದರು. ಎಡಗೈಗೆ ಕೆಂಪು ಪಟ್ಟಿ, ಬಲಗೈಗೆ ನೀಲಿ ಪಟ್ಟಿ. ಯಾವ ಬಣ್ಣದವಳಿಗೆ ಅಂಕವೋ ಆ ಕೈ ಎತ್ತಿ ಬೆರಳು ತೋರಿಸಬೇಕು, ಅಷ್ಟೇ ಕೆಲಸ.

ಕೆಂಪು ಉಡುಪಿನವಳು ಪಂದ್ಯ ನಡೆಸುತ್ತಿದ್ದ ಕಾಲೇಜಿನ ಹುಡುಗಿ. ನೀಲಿಯವಳನ್ನು ಎಲ್ಲರೂ ಗಿಡ್ಡಿ ಎನ್ನುತ್ತಿದ್ದರು. ಹಿಂದಿನ ಎರಡು ವರ್ಷವೂ ಫೈನಲ್‌ವರೆಗೆ ಬಂದು ಬೆಳ್ಳಿ ಪದಕ ಹಿಡಿದುಕೊಂಡು ಹೋಗಿದ್ದವಳು. ಇದು ಕಾಲೇಜಿನ ಕೊನೆಯ ವರ್ಷ, ಚಿನ್ನಕ್ಕೆ ಇನ್ನೊಂದು ಅವಕಾಶವಿರಲಿಲ್ಲ.

ಮೊದಲರ್ಧದಲ್ಲೇ ಕೆಂಪಿನವಳ ಹಿಮ್ಮಡಿ ಗೆರೆಯ ಆಚೆ ಬಿತ್ತು, ಗಿಡ್ಡಿಗೆ ಒಂದು ಅಂಕ ಸಿಗಬೇಕಿತ್ತು. ಇಡೀ ಸಭಾಂಗಣಕ್ಕೆ ಕಂಡಿತು. ಹದ್ದಿಗೆ ಕಾಣಲಿಲ್ಲ. ಮ್ಯಾಟಿನ ಪಕ್ಕದಲ್ಲಿ ಕೂತಿದ್ದ ಎರಡನೇ ತೀರ್ಪುಗಾರ ಅವರ ಹಳೇ ಶಿಷ್ಯ. ಗುರುಗಳು ಯಾವ ಬಣ್ಣ ಎತ್ತಿದರೋ ಅದೇ ಬಣ್ಣದ ಹಲಗೆ ಎತ್ತುವುದನ್ನು ಅವನು ಹತ್ತು ವರ್ಷದಿಂದ ತೀರ್ಪು ಎಂದುಕೊಂಡಿದ್ದ. ಗಿಡ್ಡಿಯ ಕೋಚ್ ಪಿ.ಟಿ. ಮೇಡಂ ಎದ್ದು ನಿಂತು, ತುಟಿ ಕಚ್ಚಿಕೊಂಡು ಮತ್ತೆ ಕೂತರು.

ಕೊನೆಯ ಹತ್ತು ಸೆಕೆಂಡು ಉಳಿದಾಗ ಗಿಡ್ಡಿ ನಾಲ್ಕು, ಕೆಂಪಿನವಳು ಮೂರು. ಇಬ್ಬರೂ ಹೆಣೆದುಕೊಂಡು ಉರುಳಿದರು. ಗಂಟೆ ಹೊಡೆದು ನೋಡುವಷ್ಟರಲ್ಲಿ ಕೆಂಪಿನವಳು ಮೇಲಿದ್ದಳು. ಹದ್ದು ಗತ್ತಿನಿಂದ ಎಡಗೈ ಎತ್ತಿ ಎರಡು ಬೆರಳು ತೋರಿಸಿದರು. ಶಿಷ್ಯ ಕೆಂಪು ಹಲಗೆ ಎತ್ತಿದ. ಐದು, ನಾಲ್ಕು.

ಮೇಡಂ ಕೈಯಲ್ಲಿದ್ದ ಸ್ಪಂಜಿನ ಇಟ್ಟಿಗೆಯನ್ನು ಮ್ಯಾಟಿನ ಮೇಲೆ ಎಸೆದರು. ತೀರ್ಪನ್ನು ಪ್ರಶ್ನಿಸುವ ಕ್ರಮ ಅದು. ಕ್ಯಾಮೆರಾ ಎರಡಿರಬೇಕಿತ್ತು. ಒಂದನ್ನು ಮುಖ್ಯ ಅತಿಥಿಗಳ ಆಗಮನ ಚಿತ್ರಿಸಲು ಗೇಟಿಗೆ ಒಯ್ದಿದ್ದರು, ಅತಿಥಿಗಳು ಇನ್ನೂ ಬಂದಿರಲಿಲ್ಲ. ಉಳಿದ ಒಂದರಲ್ಲಿ ಪರದೆ ತುಂಬ ಹದ್ದಿನ ಬೆನ್ನು. ಇಸ್ತ್ರಿಯ ಗೆರೆ ಮಾತ್ರ ಬಹಳ ಸ್ಪಷ್ಟವಾಗಿತ್ತು.

"ಏನೂ ಕಾಣ್ತಿಲ್ಲ. ಹಾಗಾಗಿ ರೆಫರಿ ಹೇಳಿದ್ದೇ ಸರಿ" ಎಂದರು ಅಂಕದ ಮೇಜಿನ ಬಳಿಯ ತೀರ್ಪುಗಾರರ ಅಧ್ಯಕ್ಷರು. ಪ್ರಶ್ನೆ ಬಿದ್ದುಹೋದದ್ದಕ್ಕೆ ದಂಡವೆಂದು ಕೆಂಪಿನವಳಿಗೆ ಇನ್ನೊಂದು ಅಂಕ. ಆರು, ನಾಲ್ಕು. ನ್ಯಾಯ ಕೇಳಿದ್ದಕ್ಕೆ ಇಷ್ಟಾದರೂ ಶಿಕ್ಷೆ ಬೇಡವೇ.

ಅಂಕಪಟ್ಟಿಗೆ ಸಹಿ ಹಾಕುವ ಮೊದಲು ನೀರು ಕುಡಿಯೋಣವೆಂದು ಹದ್ದು ಹೆಂಡತಿಯ ಹತ್ತಿರ ಬಂದರು. ಅವರು ಬಾಟಲಿಯ ಜೊತೆ ಫೋನನ್ನೂ ಕೊಟ್ಟರು. "ನೋಡ್ರಿ, ನಿಮ್ಮ ಮುಖ ಎಷ್ಟು ಚೆನ್ನಾಗಿ ಬಂದಿದೆ."

ನಿಜಕ್ಕೂ ಚೆನ್ನಾಗಿ ಬಂದಿತ್ತು. ಕೊನೆಯ ಹತ್ತು ಸೆಕೆಂಡು ಹದ್ದು ಹೊಟ್ಟೆಯನ್ನು ಒಳಕ್ಕೆಳೆದುಕೊಂಡು, ಗದ್ದ ಮೇಲೆತ್ತಿ, ನೇರ ಫೋನಿನ ಕಡೆ ನೋಡುತ್ತ ನಿಂತಿದ್ದರು. ತುಟಿಯಲ್ಲಿ ಸಣ್ಣ ನಗೆಯೂ ಇತ್ತು. ಅವರ ಮುಂದೆ, ಮೊಣಕೈಯ ಕೆಳಗೆ, ಗಿಡ್ಡಿ ಎದುರಾಳಿಯನ್ನು ಮಂಡಿಗೆ ಕೆಡವಿ, ಬೆನ್ನ ಹಿಂದೆ ಹೋಗಿ, ಎರಡೂ ಕೈಯಿಂದ ಸೊಂಟ ಬಿಗಿದು ಹಿಡಿದಿದ್ದಳು. ಆಮೇಲೆ ಗಂಟೆ ಹೊಡೆಯಿತು, ಹಿಡಿತ ಸಡಿಲವಾಯಿತು, ಕೆಂಪಿನವಳು ಉರುಳಿ ಮೇಲೆ ಬಂದಳು. ಹದ್ದು ಕೆಳಗೆ ನೋಡಿದ್ದು ಆಗ.

ಅವರು ಇನ್ನೊಮ್ಮೆ ನೋಡಿದರು.

ಹೆಂಡತಿ ದನಿ ತಗ್ಗಿಸಿದರು. "ಕುಸ್ತಿ ನಂಗೆ ಗೊತ್ತಾಗಲ್ಲ. ಆದ್ರೂ ಆ ಮಗು ಹಿಡಿದಿದ್ದು ಕಾಣ್ಸುತ್ತೆ ಅಲ್ವಾ? ಯಾರಿಗೂ ತೋರ್ಸಲ್ಲ ಬಿಡಿ. ಮನೇಲಿ ನಾವಿಬ್ರೇ ನೋಡ್ಕೊಳ್ಳೋಣ."

ಆ ಸಮಾಧಾನವೇ ಅವರಿಗೆ ಕಪಾಳಕ್ಕೆ ಹೊಡೆದಂತಾಯಿತು. ಆಚೆ ಬೆಂಚಿನ ಮೇಲೆ ಗಿಡ್ಡಿ ಬೂಟಿನ ದಾರ ಬಿಚ್ಚುತ್ತಿದ್ದಳು. ಗಂಟು ಬಿಗಿದಿತ್ತು, ಕಣ್ಣು ತುಂಬಿದ್ದರಿಂದ ಅದು ಅವಳಿಗೆ ಸಿಗುತ್ತಿರಲಿಲ್ಲ. ಹದ್ದಿಗೆ ನಾಚಿಕೆಯಾಯಿತು. ಮೂವತ್ತೊಂದು ವರ್ಷದಲ್ಲಿ ಆಗಬೇಕಿದ್ದದ್ದೆಲ್ಲ ಒಟ್ಟಿಗೇ ಆದಂತೆ ಆಯಿತು.

ಅವರು ಫೋನ್ ತೆಗೆದುಕೊಂಡು ಮೇಜಿನ ಬಳಿ ಹೋದರು. ಅಧ್ಯಕ್ಷರು ಪರದೆ ಕಡೆ ಕಣ್ಣೂ ಹಾಯಿಸಲಿಲ್ಲ.

"ಹೊರಗಿನವರ ವಿಡಿಯೋ ನೋಡೋ ಹಾಗಿಲ್ಲ ಸಾರ್. ಹಟ ಹಿಡಿದು ಈ ನಿಯಮ ಮಾಡ್ಸಿದ್ದು ನೀವೇ ಅಲ್ವಾ?"

"ಬೇರೆ ದಾರಿ ಏನಿದೆ?"

ಅಧ್ಯಕ್ಷರು ನಕ್ಕರು. "ಅಂಕಪಟ್ಟಿಗೆ ಸಹಿ ಆಗೋ ಮೊದಲು, ಆ ಕ್ಷಣ ನಾನು ನೋಡಲಿಲ್ಲ ಅಂತ ರೆಫರಿ ಬರೆದುಕೊಟ್ರೆ ಅಂಕ ರದ್ದಾಗತ್ತೆ. ಇವತ್ತಿನವರೆಗೂ ಯಾರೂ ಬರೆದಿಲ್ಲ. ನೀವಂತೂ ಹದ್ದು."

"ಪೆನ್ನು ಕೊಡಿ."

ಶಿಷ್ಯ ಓಡಿ ಬಂದ. "ಸಾರ್, ಇವತ್ತು ಯಾಕೆ ಸಾರ್? ಅಭಿನಂದನಾ ಪತ್ರಕ್ಕೆ ಫ್ರೇಮು ಹಾಕ್ಸಿ ಆಗಿದೆ."

ಅವರು ಬರೆದರು: ನಾನು ನೋಡಲಿಲ್ಲ. ಬರೆಯಲು ಬಹಳ ಹೊತ್ತು ಹಿಡಿಯಿತು. ಕೆಂಪಿನವಳ ಎರಡು ಅಂಕ ಹೋಯಿತು, ದಂಡದ ಅಂಕವೂ ಹೋಯಿತು. ಗಿಡ್ಡಿಗೆ ಬರಬೇಕಾದ ಎರಡು ಅಂಕ ಕೊಡಲು ನಿಯಮದಲ್ಲಿ ದಾರಿಯೇ ಇರಲಿಲ್ಲ. ಗೆಲ್ಲುವುದಕ್ಕೆ ನಾಲ್ಕು ಸಾಕಾಯಿತು.

ಅರ್ಧ ಸಭಾಂಗಣ ಚಪ್ಪಾಳೆ ಹೊಡೆಯಿತು, ಇನ್ನರ್ಧ ಹದ್ದಿನ ವಂಶವನ್ನೆಲ್ಲ ಎತ್ತಿ ಆಡಿತು. ಅದು ಮುಗಿದ ಮೇಲೆ ಪ್ರಿನ್ಸಿಪಾಲರು ಚೌಕಟ್ಟಿನ ಅಭಿನಂದನಾ ಪತ್ರವನ್ನು ಗಟ್ಟಿಯಾಗಿ ಓದಿದರು. "ಮೂವತ್ತೊಂದು ವರ್ಷಗಳಲ್ಲಿ ಒಂದು ತೀರ್ಪೂ ಬದಲಾಗದ..." ಅಚ್ಚಾಗಿ ಹೋಗಿತ್ತು, ಏನು ಮಾಡುವುದು. ಹದ್ದು ತಲೆ ತಗ್ಗಿಸಿ ಅದನ್ನು ಇಸಿದುಕೊಂಡರು.

ಹೊರಡುವಾಗ ಬಾಗಿಲ ಬಳಿ ಗಿಡ್ಡಿ ಎದುರಾದಳು. ಕೊರಳಲ್ಲಿ ಪದಕ, ಕಾಲಲ್ಲಿ ಒಂದೇ ಬೂಟು. ಹದ್ದು ಏನೋ ಹೇಳಬೇಕೆಂದು ಬಾಯಿ ತೆರೆದರು. ಅವಳು ಅವರನ್ನು ದಾಟಿ ಹೆಂಡತಿಯ ಹತ್ತಿರ ಹೋದಳು.

"ಆಂಟಿ, ನಾನು ಹಿಡಿದಿದ್ದು ನಿಮ್ಮ ಫೋನಲ್ಲಿ ಮಾತ್ರ ಬಂದಿದೆಯಂತೆ. ನಮ್ಮಮ್ಮನಿಗೆ ತೋರಿಸ್ಬೇಕು, ಕಳಿಸ್ತೀರಾ?"

ಹೆಂಡತಿ ಕಳಿಸಿದರು. ಗಿಡ್ಡಿ ನಿಂತಲ್ಲೇ ತೆರೆದು ನೋಡಿ, ಮೊದಲ ಬಾರಿಗೆ ಹದ್ದಿನ ಕಡೆ ತಿರುಗಿದಳು. "ಸಾರ್, ಇದ್ರಲ್ಲಿ ನೀವು ತುಂಬ ಅಡ್ಡ ಬಂದಿದೀರಿ. ನಿಮ್ಮನ್ನ ಕತ್ತರಿಸಿ ತೆಗೀಲಾ?"

ಅವಳ ದನಿಯಲ್ಲಿ ಕೋಪವಿರಲಿಲ್ಲ. ಹುಡುಗಿ ಕೇಳಬೇಕಾದ್ದನ್ನು ಮರ್ಯಾದೆಯಿಂದಲೇ ಕೇಳಿದ್ದಳು.

"ತೆಗಿಯಮ್ಮ" ಎಂದರು ಹದ್ದು, ಮತ್ತು ಹಿಂದೆ ಕಾಯುತ್ತಿದ್ದವರಿಗೆ ದಾರಿ ಬಿಟ್ಟು ಗೋಡೆಗೆ ಸರಿದು ನಿಂತರು.