ಒತ್ತದ ಕಾಲು

ಬಹಳ ಹಿಂದೇನಲ್ಲ, ಏಳು ಸಮುದ್ರದಾಚೆಯೂ ಅಲ್ಲ. ಮೂರು ಮೆಟ್ಟಿಲು ಹತ್ತಿದರೆ ಸಿಗುವಷ್ಟು ಹತ್ತಿರ ಒಂದು ರಾಜ್ಯವಿತ್ತು. ಇದ್ದದ್ದು ಒಂದೇ ಕೋಣೆ. ಅದರಲ್ಲೊಂದು ಎತ್ತರದ ಮಂಚ, ಮಡಚಿಟ್ಟ ಟವೆಲ್ಲುಗಳು, ಬಿಸಿನೀರಿನಲ್ಲಿ ಕೂತ ಎಣ್ಣೆಬಾಟಲಿ. ರಾಣಿ ನನ್ನ ಚಿಕ್ಕಮ್ಮ. ಮೂವತ್ತು ವರ್ಷಗಳಿಂದ ಊರಿನ ಬೆನ್ನುಗಳನ್ನೆಲ್ಲ ತಿಕ್ಕಿ ತೀಡಿದವಳು. ನಾನು ಅವಳ ಕೈಕೆಳಗೆ ಪಳಗಿ, ಮೇಲೆ ಒಂದು ವರ್ಷ ಮಸಾಜಿನ ಕ್ಲಾಸಿಗೂ ಹೋಗಿಬಂದ ಸೇನಾಪತಿ.

ಒಂದು ದಿನ ಟೈಲರಮ್ಮ ಕುಂಟುತ್ತ ಬಂದರು. ಕೊರಳಲ್ಲಿ ಎಂದಿನಂತೆ ಅಳತೆಟೇಪು.

"ಹದಿನೆಂಟು ಗಂಟೆ ಬಸ್ಸು ಕಣೇ! ಮಗಳ ಮನೆಯಿಂದ ಬರೋವಾಗ ಕೂತಿದ್ದೇ ಕೂತಿದ್ದು. ಮೀನಖಂಡ ಹಿಡ್ಕೊಂಡ್ಬಿಟ್ಟಿದೆ. ಗಟ್ಟಿಯಾಗಿ ಒತ್ತು, ಅಯ್ಯೋ ಅಂದ್ರೂ ಬಿಡಬೇಡ."

"ಸರಿಮಾಡಿ ಕೊಡ್ತೀವಿ ಅಂತ ಫೋನಲ್ಲೇ ಮಾತು ಕೊಟ್ಟಿದ್ದೀನಿ," ಎಂದಳು ಚಿಕ್ಕಮ್ಮ.

ಎಣ್ಣೆ ಮುಟ್ಟುವ ಮೊದಲು ನಾನು ಕೈಯ ಹಿಂಭಾಗವನ್ನು ಎರಡೂ ಕಾಲುಗಳ ಮೇಲೆ ಇಟ್ಟು ನೋಡುತ್ತೇನೆ. ಬಲಗಾಲು ತಣ್ಣಗಿತ್ತು. ಎಡಗಾಲು ಬಿಸಿಲಿಗೆ ಬಿದ್ದ ಕಲ್ಲಿನಂತೆ ಬೆಚ್ಚಗೆ. ಚರ್ಮ ಬಿಗಿದು ಹೊಳೆಯುತ್ತಿತ್ತು. ಕೈ ತೆಗೆದೆ.

"ಟೈಲರಮ್ಮ, ಇವತ್ತು ಈ ಕಾಲು ಒತ್ತಲ್ಲ."

"ಯಾಕಮ್ಮ? ಮುಟ್ಟಿದ್ರೆ ನಿನ್ನ ಕೈ ಸವೆದುಹೋಗುತ್ತಾ?"

ಉತ್ತರ ಕೊಡುವಷ್ಟರಲ್ಲಿ ಚಿಕ್ಕಮ್ಮ ಎಣ್ಣೆಬಾಟಲಿ ಹಿಡಿದೇ ನಿಂತಿದ್ದ ನನ್ನನ್ನು ಪರದೆಯ ಹಿಂದಕ್ಕೆ ಎಳೆದಳು. ನಾನು ಪಿಸುಗುಟ್ಟಿದೆ: "ಒಂದೇ ಕಾಲು ಊದಿದೆ, ಬಿಸಿಯಿದೆ. ರಕ್ತ ಹೆಪ್ಪುಗಟ್ಟಿದ್ರೆ? ಒತ್ತಿದಾಗ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಕುತ್ತು."

"ನಿನ್ನ ತಲೆ! ಮೂವತ್ತು ವರ್ಷದಲ್ಲಿ ಒಬ್ಬರನ್ನೂ ವಾಪಸ್ ಕಳಿಸಿಲ್ಲ ನಾನು. ಕೊಡು ಬಾಟ್ಲಿ, ನಾನೇ ಒತ್ತುತೀನಿ."

"ಕೊಡಲ್ಲ."

"ಇದು ನನ್ನ ಅಂಗಡಿ ಕಣೇ!"

"ನಿಂದೇ ಚಿಕ್ಕಮ್ಮ. ನಾಳೆಯಿಂದ ಬರಬೇಡ ಅಂದ್ರೆ ಬರಲ್ಲ. ಇವತ್ತು ಮಾತ್ರ ಕೊಡಲ್ಲ."

ಬಾಟಲಿಯನ್ನು ಎದೆಗವಚಿ ಹಿಡಿದಿದ್ದೆ. ಅವಳು ಎಳೆದಳು, ನಾನು ಜಗ್ಗಿದೆ. ಮುಚ್ಚಳ ಹಾರಿ ಇಬ್ಬರಿಗೂ ಎಣ್ಣೆಸ್ನಾನವಾಯಿತು.

ಮಂಚದಿಂದ ಕೂಗು ಬಂತು: "ಕಾಲು ನಂದು ತಾನೇ? ಅದರ ವಿಷಯ ನನಗೂ ಸ್ವಲ್ಪ ಹೇಳ್ತೀರಾ?"

ನನಗೆ ನಾಚಿಕೆಯಾಯಿತು. ಅವರ ಜೀವದ ಮಾತನ್ನು ಅವರಿಗೇ ಹೇಳದೆ ಪರದೆಯ ಹಿಂದೆ ಗುದ್ದಾಡುತ್ತಿದ್ದೆ. ಹೋಗಿ ಎದುರು ಕೂತು, ತಪ್ಪಾಯಿತೆಂದು, ಎಲ್ಲವನ್ನೂ ಬಿಡಿಸಿ ಹೇಳಿದೆ.

"ಹೆಪ್ಪುಗಟ್ಟಿದೆಯೋ ಇಲ್ವೋ ಅನ್ನೋಕೆ ನಾನು ಡಾಕ್ಟರಲ್ಲ. ಡಾಕ್ಟರು ನೋಡದೆ ಒತ್ತಬಾರದು ಅನ್ನೋದು ಮಾತ್ರ ಗೊತ್ತು. ನನ್ನನ್ನ ನಂಬದಿದ್ರೆ ನಿಮ್ಮ ಟೇಪನ್ನ ನಂಬಿ."

ಅವರು ಹುಬ್ಬೇರಿಸಿ ಟೇಪು ತೆಗೆದರು. ಬಲ ಮೀನಖಂಡಕ್ಕೆ ಸುತ್ತಿದರು, ಎಡಕ್ಕೆ ಸುತ್ತಿದರು. ಮತ್ತೆ ಬಲ, ಮತ್ತೆ ಎಡ. ಮುಖ ಇಳಿಯಿತು.

"ಒಂದೂವರೆ ಇಂಚು ಜಾಸ್ತಿ. ಅಳತೇಲಿ ನಾನು ತಪ್ಪಲ್ಲ." ನಿಧಾನವಾಗಿ ಟೇಪು ಸುತ್ತಿಕೊಂಡರು. "ಗಾಡಿ ಕರಿ, ಆಸ್ಪತ್ರೆಗೆ ಹೋಗ್ತೀನಿ. ಆದ್ರೆ ಸರಿಮಾಡಿ ಕೊಡ್ತೀವಿ ಅಂದವರು ನೀವು."

"ಡಾಕ್ಟರು ಹ್ಞೂಂ ಅಂತ ಬರೆದುಕೊಟ್ಟ ದಿನ ನಾನೇ ಒತ್ತಿಕೊಡ್ತೀನಿ. ಆಣೆ."

ಚಿಕ್ಕಮ್ಮ ಎಣ್ಣೆ ಮೆತ್ತಿದ ಸೀರೆಯಲ್ಲೇ ಗಾಡಿಯ ಮುಂದಿನ ಸೀಟಿನಲ್ಲಿ ಹತ್ತಿ ಕೂತಳು.

ಹೆಪ್ಪುಗಟ್ಟಿದ್ದು ನಿಜವಾಗಿತ್ತು. ಇಂಜೆಕ್ಷನ್ನು, ಆಮೇಲೆ ಮಾತ್ರೆ. ನಡುವೆ ಎರಡು ಸಲ ಟೈಲರಮ್ಮ ಬಂದು, "ಬೆರಳ ತುದೀಲಿ ಒಂಚೂರು?" ಎಂದು ಪುಸಲಾಯಿಸಿದರು. ಚೀಟಿಯಿಲ್ಲದೆ ಇಲ್ಲ ಎಂದೆ. "ಕಟುಕಿ!" ಎಂದು ಬೈದು, ಭುಜ ಒತ್ತಿಸಿಕೊಂಡು ಹೋದರು.

ಚಿಕ್ಕಮ್ಮ ವಾರವಿಡೀ ನನ್ನೊಡನೆ ಮಾತಾಡಲಿಲ್ಲ. ಎಂಟನೆಯ ದಿನ ಟವೆಲ್ ಮಡಚುತ್ತಲೇ, ನನ್ನ ಕಡೆ ನೋಡದೆ ಕೇಳಿದಳು: "ಅವತ್ತು ಬಿಸಿ ಹೆಂಗೆ ನೋಡ್ದೆ? ತೋರ್ಸು." ತೋರಿಸಿದೆ.

ಆರು ತಿಂಗಳು ಕಳೆದ ಮೇಲೆ ಟೈಲರಮ್ಮ ಕುಂಟದೆ ಮೆಟ್ಟಿಲು ಹತ್ತಿದರು. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಚೀಟಿ?"

"ಅಬ್ಬಬ್ಬಾ, ಇವಳೂ ಸೇರ್ಕೊಂಡ್ಲು!"

ಚಿಕ್ಕಮ್ಮ ಚೀಟಿಯನ್ನು ದೂರ ಹಿಡಿದು ಎರಡು ಸಲ ಓದಿದಳು. ಮಾತ್ರೆ ನಿಲ್ಲಿಸಿದ್ದಾರೆ, ಹಗುರವಾಗಿ ಒತ್ತಬಹುದು. ದಾರಿ ಬಿಟ್ಟಳು.

"ಶುರು ಮಾಡಲಾ?" ಎಂದು ಕೇಳಿದೆ.

"ಆರು ತಿಂಗಳು ಕಾಯಿಸಿ ಈಗ ಕೇಳೋದು ಬೇರೆ! ಮಾಡೇ ತಾಯಿ."

ಹಿಮ್ಮಡಿಯಿಂದ ಮೊಣಕಾಲಿನವರೆಗೆ, ಒತ್ತಡ ಹೇಗಿದೆ ಎಂದು ಆಗಾಗ ಕೇಳುತ್ತ, ಅರ್ಧ ಗಂಟೆ ಒತ್ತಿದೆ. ಆಮೇಲೆ ಟವೆಲ್ ಹೊದಿಸಿ ಕೈ ತೊಳೆದುಕೊಂಡೆ.