ನಿಧಾನದ ದೋಣಿಗೆ ಇಪ್ಪತ್ತು ನಿಮಿಷ

ಚಂದ್ರಯ್ಯ ತೀರಿಕೊಂಡು ನಾಲ್ಕು ತಿಂಗಳಾದರೂ ಅವರ ಹೆಂಡತಿ ಗಂಗಾಂಬಿಕೆ ಒಮ್ಮೆಯೂ ಅತ್ತಿರಲಿಲ್ಲ.

ಅವರು ಚನ್ನರಾಯಪಟ್ಟಣದಲ್ಲಿ ಲೆಕ್ಕದ ಮೇಷ್ಟ್ರಾಗಿದ್ದರು. ಸಾವಿರದ ಒಂಬೈನೂರ ನಲವತ್ತರ ಬೇಸಿಗೆಯಲ್ಲಿ ವಿಷಮಶೀತ ಜ್ವರ ಬಂದು, ಹದಿನೇಳು ದಿನ ಮಲಗಿ ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ಸಮಾಧಿಯ ಕಾರ್ಯಗಳೆಲ್ಲ ಮುಗಿದ ಮೇಲೆ ಅಣ್ಣ ಪಾಲಾಕ್ಷ ಅವಳನ್ನು ಹಾಸನದ ತನ್ನ ಮನೆಗೆ ಕರೆತಂದ. ಅವನದು ಕಾಫಿಬೀಜದ ಮಂಡಿ. ಅತ್ತಿಗೆ ಸುವರ್ಣಮ್ಮ ಹಿತ್ತಿಲ ಕಡೆಯ ಕೋಣೆಯನ್ನು ಬಿಡಿಸಿಕೊಟ್ಟಳು.

ಗಂಗಾಂಬಿಕೆ ಬೆಳಿಗ್ಗೆ ಎದ್ದು ಸ್ನಾನ ಮಾಡಿ ಲಿಂಗಪೂಜೆಗೆ ಕೂರುತ್ತಿದ್ದಳು. ಕೈ ತನ್ನಷ್ಟಕ್ಕೆ ತಾನು ವಿಭೂತಿ ಧರಿಸುತ್ತಿತ್ತು, ಪತ್ರೆ ಏರಿಸುತ್ತಿತ್ತು. ಬಡಿಸಿದ್ದನ್ನು ಉಣ್ಣುತ್ತಿದ್ದಳು. ಒಂದು ದಿನ ಸಾರಿಗೆ ಉಪ್ಪು ಹಾಕಿರಲಿಲ್ಲ. ಅದು ಸುವರ್ಣಮ್ಮನಿಗೆ ತಿಳಿದದ್ದು ತಾನು ಉಣ್ಣಲು ಕೂತಾಗಲೇ. ಅಷ್ಟು ಹೊತ್ತಿಗೆ ಗಂಗಾಂಬಿಕೆ ಎರಡು ಸಲ ಹಾಕಿಸಿಕೊಂಡು ಎದ್ದು ಹೋಗಿದ್ದಳು. ಅರಕಲಗೂಡಿನಿಂದ ಸೋದರತ್ತೆ ರೇವಮ್ಮ ಬಂದು ಅವಳನ್ನು ತಬ್ಬಿಕೊಂಡು, "ಅತ್ತುಬಿಡು ಮಗಳೇ, ಎದೆ ಹಗುರಾಗ್ತದೆ" ಎಂದು ತಾನೇ ಗೊಳೋ ಎಂದು ಅತ್ತಳು. ಗಂಗಾಂಬಿಕೆ ಅತ್ತೆಯ ಬೆನ್ನು ಸವರುತ್ತ ಕೂತಳು. ಬೆನ್ನು ಬೆವರಿದೆ ಎಂಬುದೊಂದೇ ಅವಳಿಗೆ ತಿಳಿದದ್ದು.

ಪಾಲಾಕ್ಷನಿಗೆ ಒಂದು ಹುಚ್ಚಿತ್ತು. ಬೂವನಹಳ್ಳಿ ದಾರಿಯ ದೊಡ್ಡ ಕೆರೆಯಲ್ಲಿ ಭಾನುವಾರ ಹಾಯಿದೋಣಿ ಬಿಡುವುದು. ಸಕಲೇಶಪುರದ ಕಡೆಯ ಒಬ್ಬ ಎಸ್ಟೇಟ್ ದೊರೆ ಎರಡು ವರ್ಷದ ಹಿಂದೆ ಇದನ್ನು ಶುರುಮಾಡಿದ್ದ. ಕ್ಲಬ್ಬು ಎಂದು ಹೆಸರೇ ಹೊರತು ಏರಿಯ ಮೇಲೆ ಒಂದು ತಗಡಿನ ಚಪ್ಪರ, ನಾಲ್ಕು ದೋಣಿ, ಅಷ್ಟೆ. ಎಂಜಿನಿಯರ್ ಪರಮಶಿವಯ್ಯನವರ 'ಕಾವೇರಿ' ಎಲ್ಲಕ್ಕಿಂತ ದೊಡ್ಡದು. ಅದರ ಮುಂಭಾಗದಲ್ಲಿ ಇಬ್ಬರು ಮಲಗುವಷ್ಟು ಪುಟ್ಟ ಕೋಣೆಯೂ ಇತ್ತು. ಆಮೇಲೆ ಪಾಲಾಕ್ಷನ 'ನಂದಿ', ಡಾಕ್ಟರ್ ಮಂಚಯ್ಯನವರ 'ರಾಣಿ'. ಕೊನೆಯದು ದೊರೆಯದೇ 'ಮೇರಿ', ಹಳೆಯ ಭಾರದ ದೋಣಿ. ಮಳೆಗಾಲಕ್ಕೆ ಮುಂಚೆ ದೊರೆ ಯುದ್ಧಕ್ಕೆ ಹೋದ. ಹೋಗುವಾಗ ದೋಣಿ ಕಾಯುವ ಹುಲಿಯಪ್ಪನಿಗೆ, ನಾನು ಬರುವ ತನಕ ನೀನೇ ಓಡಿಸು ಎಂದು ಹೇಳಿ ಹೋದ.

ಶ್ರಾವಣದ ಒಂದು ಸಂಜೆ ಪಾಲಾಕ್ಷ ಕೆಂಪು ರಟ್ಟಿನ ಪುಸ್ತಕವೊಂದನ್ನು ತಂದು ತಂಗಿಯ ಮುಂದಿಟ್ಟ.

"ಇದೊಂದು ಲೆಕ್ಕ ನೋಡಿಕೊಡ್ತೀಯಾ ಗಂಗಾ? ದೊರೆ ಇದ್ದಾಗ ಅವನೇ ನೋಡ್ಕೊತಿದ್ದ. ಈಗ ಯಾರಿಗೂ ಬರೋದಿಲ್ಲ."

"ಏನು ಲೆಕ್ಕ?"

"ದೊಡ್ಡ ದೋಣಿ ಬೇಗ ಹೋಗ್ತದೆ, ಸಣ್ಣದು ನಿಧಾನ. ಒಟ್ಟಿಗೆ ಬಿಟ್ರೆ ಪ್ರತಿ ಸಲವೂ ಎಂಜಿನಿಯರೇ ಗೆಲ್ತಾರೆ. ಅದಕ್ಕೇ ನಿಧಾನದ ದೋಣಿಗೆ ಇಷ್ಟು ನಿಮಿಷ ಅಂತ ಬಿಡ್ತಾರೆ. ಕಾವೇರಿ ಗುರಿ ಮುಟ್ಟೋದಕ್ಕೆ ಒಂದು ಗಂಟೆ ತಗೊಂಡ್ರೆ ನನ್ನ ನಂದಿಗೆ ಎಂಟು ನಿಮಿಷ ರಿಯಾಯಿತಿ. ರಾಣಿಗೆ ಹತ್ತು, ಮೇರಿಗೆ ಹನ್ನೆರಡು. ದೊರೆ ದೋಣಿಗಳನ್ನ ನೋಡಿ ಅಂದಾಜಿನ ಮೇಲೆ ಹಾಕಿದ್ದು. ಸರಿಯಾಗಿಲ್ಲ ಅಂತ ಡಾಕ್ಟರು ಗೊಣಗ್ತಾನೇ ಇರ್ತಾರೆ."

ಅವಳು ಪುಸ್ತಕ ತೆಗೆದಳು. ಎರಡು ವರ್ಷದ ಪಂದ್ಯಗಳು, ಪ್ರತಿಯೊಂದರಲ್ಲೂ ಯಾವ ದೋಣಿ ಎಷ್ಟು ಗಂಟೆಗೆ ಹೊರಟಿತು, ಎಷ್ಟಕ್ಕೆ ಮುಟ್ಟಿತು ಎಂಬುದನ್ನು ಬರೆದಿದ್ದರು. ಚನ್ನರಾಯಪಟ್ಟಣದಲ್ಲಿ ಗಂಡ ತರುತ್ತಿದ್ದ ಉತ್ತರಪತ್ರಿಕೆಗಳನ್ನು ಅವಳೇ ಅರ್ಧ ತಿದ್ದುತ್ತಿದ್ದಳು. ಭಿನ್ನರಾಶಿ, ಸರಾಸರಿ ಅವಳಿಗೆ ಹೊಸದಲ್ಲ. ಮಾರನೆಯ ದಿನ ಕೂತು ಪ್ರತಿ ಪಂದ್ಯದಲ್ಲೂ ಕಾವೇರಿಯ ವೇಳೆಯ ಪಕ್ಕಕ್ಕೆ ಉಳಿದವುಗಳ ವೇಳೆಯನ್ನಿಟ್ಟು ನೋಡಿದಳು. ದೋಣಿ ಮಗುಚಿದ ದಿನಗಳನ್ನು, ಹಾಯಿ ಹರಿದ ದಿನಗಳನ್ನು ಬಿಟ್ಟಳು. ಆರು ದಿನ ಹಿಡಿಯಿತು. ಅದರಲ್ಲಿ ಸುಖವೇನೂ ಇರಲಿಲ್ಲ. ಆದರೆ ಮಧ್ಯಾಹ್ನ ಬೇಗ ಸಾಯಂಕಾಲವಾಗುತ್ತಿತ್ತು.

ಏಳನೆಯ ದಿನ ಅಣ್ಣನಿಗೆ ಒಂದು ಚೀಟಿ ಕೊಟ್ಟಳು. ರಾಣಿಗೆ ಹತ್ತು. ಮೇರಿಗೆ ಇಪ್ಪತ್ತು. ನಂದಿಗೆ ನಾಲ್ಕು.

ಪಾಲಾಕ್ಷ ಚೀಟಿಯನ್ನೂ ಅವಳ ಮುಖವನ್ನೂ ನೋಡಿದ.

"ನಾಲ್ಕಾ?"

"ನಾಲ್ಕೇ. ನಿನ್ನ ದೋಣಿ ನಿಧಾನದ್ದಲ್ಲ ಅಣ್ಣ. ದೊರೆಯ ಅಂದಾಜು ತಪ್ಪಿತ್ತು."

"ಇನ್ನೊಂದು ಸಲ ನೋಡ್ತೀಯಾ?"

"ಮೂರು ಸಲ ನೋಡಿದೀನಿ."

ಅವನು ಚೀಟಿಯನ್ನು ಜೇಬಿಗಿಟ್ಟುಕೊಂಡು ಹೋದ. ಎರಡು ವರ್ಷದಿಂದ ಅತಿ ಹೆಚ್ಚು ಪಂದ್ಯ ಗೆದ್ದವನು ಅವನೇ. ಮನೆಗೆ ಬಂದವರಿಗೆಲ್ಲ ಪಡಸಾಲೆಯ ಗೂಡಿನಲ್ಲಿಟ್ಟ ಬೆಳ್ಳಿ ಬಟ್ಟಲು ತೋರಿಸುತ್ತಿದ್ದ. ಚೀಟಿ ಒಂದು ವಾರ ಅವನ ಜೇಬಿನಲ್ಲೇ ಇತ್ತು. ಕೊನೆಗೆ ಅದನ್ನು ಒಯ್ದು ಕ್ಲಬ್ಬಿನವರಿಗೆ ಕೊಟ್ಟ. ತನ್ನ ನಿಮಿಷಗಳನ್ನು ತಾನೇ ಕಡಿಮೆ ಮಾಡಿಕೊಂಡು ಬಂದವನ ಲೆಕ್ಕವನ್ನು ಯಾರು ಅನುಮಾನಿಸುತ್ತಾರೆ? ಎಂಜಿನಿಯರು ಅವನ ಬೆನ್ನು ತಟ್ಟಿದರು. ಲೆಕ್ಕ ಮಾಡಿದವರು ಯಾರೆಂದು ಅವರು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆಮೇಲೆ ಅವನು ಗೆಲ್ಲಲಿಲ್ಲ. ಐದು ಭಾನುವಾರ ಸೋತು ಮನೆಗೆ ಬಂದ. ತಂಗಿಯ ಮೇಲೆ ಸಿಟ್ಟೇನೂ ಮಾಡಲಿಲ್ಲ, ಮಾತು ಮಾತ್ರ ಕಡಿಮೆಯಾಯಿತು.

ದೀಪಾವಳಿ ಕಳೆದ ಭಾನುವಾರ, ಗಡಿಯಾರ ಹಿಡಿದು ವೇಳೆ ಬರೆಯುತ್ತಿದ್ದ ಗುಮಾಸ್ತ ಬೈರಯ್ಯನಿಗೆ ಜ್ವರ ಬಂತು. ಪಾಲಾಕ್ಷ ತಂಗಿಯನ್ನು ಕರೆದ. ಸುವರ್ಣಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ವರ್ಷ ತುಂಬಿಲ್ಲ. ಹೋಗಿ ಹೋಗಿ ಗಂಡಸರ ಮಧ್ಯೆ ಕೂರಿಸ್ತೀರಾ? ನಾಲ್ಕು ಜನ ಏನಂತಾರೆ?"

"ನೀನೂ ಬಾ. ಇಬ್ಬರೂ ಕೂತ್ಕೊಳ್ಳಿ" ಎಂದ ಪಾಲಾಕ್ಷ. ಗಂಗಾಂಬಿಕೆಗೆ ಹೋಗುವುದೂ ಒಂದೇ, ಇರುವುದೂ ಒಂದೇ. ಸೆರಗು ಹೊದ್ದು ಹೊರಟಳು.

ಕೆರೆ ಕೋಡಿ ಬಿದ್ದು ತುಂಬಿ ನಿಂತಿತ್ತು. ಅತ್ತಿಗೆ ನಾದಿನಿ ಚಪ್ಪರದಲ್ಲಿ ಚಾಪೆ ಹಾಸಿಕೊಂಡು ಕೂತರು. ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನಾಲ್ಕೂ ದೋಣಿ ಹೊರಟವು. ಆಚೆ ದಡದ ಹತ್ತಿರ ತೇಲಿಬಿಟ್ಟಿದ್ದ ಪೀಪಾಯಿಯನ್ನು ಎರಡು ಸಲ ಸುತ್ತಿ ತೂಬಿನ ಬಳಿಗೆ ವಾಪಸು ಬರಬೇಕು. ಬಿಳಿ ಹಾಯಿಗಳು ದೂರ ಹೋದವು. ಮೇರಿಯ ಹಾಯಿಗೆ ಗೋಣಿತಟ್ಟಿನ ತೇಪೆ ಹಾಕಿದ್ದರಿಂದ ಅದೊಂದು ಮಾತ್ರ ಗುರುತು ಸಿಕ್ಕುತ್ತಿತ್ತು.

ಕಾವೇರಿ ಹತ್ತು ನಲವತ್ತಕ್ಕೆ ಮುಟ್ಟಿತು. ಒಂದೂವರೆ ಗಂಟೆ. ಅದಾದ ನಾಲ್ಕು ನಿಮಿಷಕ್ಕೆ ನಂದಿ ಬಂತು. ಗಂಗಾಂಬಿಕೆ ಬರೆದಳು: ತೊಂಬತ್ತನಾಲ್ಕು, ಗಂಟೆಗೆ ನಾಲ್ಕರಂತೆ ರಿಯಾಯಿತಿ ಆರು ಕಳೆದರೆ ಎಂಬತ್ತೆಂಟು. ಪಾಲಾಕ್ಷ ಒದ್ದೆ ಪಂಚೆಯಲ್ಲೇ ಚಪ್ಪರಕ್ಕೆ ಬಂದು ಅವಳ ಹೆಗಲ ಮೇಲಿಂದ ನೋಡಿದ. ಅವನ ಮುಖ ಅರಳಿತು. ಹತ್ತು ಐವತ್ತಾರಕ್ಕೆ ರಾಣಿ ಬಂತು. ಹದಿನೈದು ನಿಮಿಷ ಕಳೆದರೂ ತೊಂಬತ್ತೊಂದಕ್ಕೆ ನಿಂತಿತು.

"ಪಾಲಾಕ್ಷಪ್ಪನವರದೇ ಈ ಸಲ" ಎಂದು ಡಾಕ್ಟರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದರು. "ಬರೆದು ಮುಗಿಸಿಬಿಡಿ ತಾಯಿ. ಬಿಸಿಲೇರ್ತಾ ಇದೆ."

"ಇನ್ನೂ ಒಂದು ದೋಣಿ ಬರಬೇಕು" ಎಂದಳು ಗಂಗಾಂಬಿಕೆ.

ಗಾಳಿ ಇಳಿದಿತ್ತು. ಮೇರಿ ಕೆರೆಯ ನಡುವೆ ನಿಂತೇಬಿಟ್ಟಿದೆಯೇನೋ ಎನ್ನಿಸುವಂತಿತ್ತು. ಪಾಲಾಕ್ಷ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಹೇಳಿದ:

"ಹುಲಿಯಪ್ಪ ಬಂದ್ರೂ ಒಂದೇ, ಬರದಿದ್ರೂ ಒಂದೇ ಗಂಗಾ. ಅವನು ಯಾವತ್ತೂ ಕೊನೇನೇ."

"ಹನ್ನೊಂದು ಎಂಟರ ಒಳಗೆ ಬಂದ್ರೆ ಅವನದೇ ಪಂದ್ಯ."

ಪಾಲಾಕ್ಷ ಬೆರಳು ಮಡಿಸಿ ಎಣಿಸಿದ. ಒಂದು ಗಂಟೆಗೆ ಇಪ್ಪತ್ತು, ಒಂದೂವರೆಗೆ ಮೂವತ್ತು. ಅಷ್ಟರಲ್ಲಿ ಕೋಡಿಯ ಕಡೆಯಿಂದ ನೀರು ಕಪ್ಪಗೆ ಸುಕ್ಕುಗಟ್ಟುತ್ತ ಬಂತು. ತೇಪೆಯ ಹಾಯಿ ಉಬ್ಬಿತು. ಹುಲಿಯಪ್ಪ ಚುಕ್ಕಾಣಿ ಹಿಡಿದು ಬಾಗಿ ಕೂತಿದ್ದುದು ಈಗ ಕಾಣುತ್ತಿತ್ತು. ಅವನಿಗೆ ಯಾವ ಆತುರವೂ ಇರಲಿಲ್ಲ. ಹನ್ನೊಂದು ಐದಾಯಿತು. ಆರಾಯಿತು. ಪಾಲಾಕ್ಷ ಗಡಿಯಾರವನ್ನು ನೋಡುವುದು ಬಿಟ್ಟು ತಂಗಿಯನ್ನು ನೋಡುತ್ತಿದ್ದ. ಅವಳ ಮುಖದಲ್ಲಿ ಏನೂ ಇರಲಿಲ್ಲ. ತೂಬಿನ ಕಲ್ಲಿಗೆ ದೋಣಿಯ ಮೂತಿ ಸಮವಾದಾಗ ಅವಳು, "ಹನ್ನೊಂದು ಏಳು" ಎಂದು ಬರೆದಳು. ನೂರ ಹದಿನೇಳರಲ್ಲಿ ಮೂವತ್ತು ಕಳೆದರೆ ಎಂಬತ್ತೇಳು.

"ಮೇರಿ ಒಂದು ನಿಮಿಷದ ಅಂತರದಲ್ಲಿ ಗೆದ್ದಿದೆ" ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಎಂಜಿನಿಯರು ಪುಸ್ತಕ ತೆಗೆದುಕೊಂಡು ನೋಡಿದರು. ಎಂಬತ್ತೇಳು, ಎಂಬತ್ತೆಂಟು, ತೊಂಬತ್ತು, ತೊಂಬತ್ತೊಂದು. "ನಾಲ್ಕೂ ದೋಣಿ ನಾಲ್ಕೇ ನಿಮಿಷದೊಳಗೆ ಬಂದ ಹಾಗಾಯ್ತಲ್ಲ ಪಾಲಾಕ್ಷಪ್ಪ. ಎಷ್ಟು ಸರಿಯಾಗಿ ಹಾಕಿದೀರಿ ಲೆಕ್ಕಾನ."

ಪಾಲಾಕ್ಷ ಪಂಚೆಯ ಅಂಚು ಹಿಂಡಿದ. "ನಾನಲ್ಲ ಸಾರ್ ಹಾಕಿದ್ದು. ನನ್ನ ತಂಗಿ" ಎಂದ.

ಹುಲಿಯಪ್ಪ ದೋಣಿ ಕಟ್ಟಿ ಏರಿ ಹತ್ತಿ ಬಂದ. ವಿಷಯ ತಿಳಿಸಿದಾಗ ಅವನಿಗೆ ನಂಬಿಕೆಯಾಗಲಿಲ್ಲ.

"ನಾ ಕೊನೇಗ್ ಬಂದಿವ್ನಿ ಕಣವ್ವಾ. ಅದೆಂಗ್ ಗೆದ್ದಂಗಾಯ್ತದೆ?"

"ನಿನ್ನ ದೋಣಿ ಭಾರ. ಆ ಭಾರಕ್ಕೆ ಗಂಟೆಗೆ ಇಪ್ಪತ್ತು ನಿಮಿಷ ಬಿಟ್ಟಿದೆ. ಅಷ್ಟು ಭಾರದ ದೋಣೀಲಿ ಯಾರೂ ಇಷ್ಟು ಬೇಗ ಬರೋದಿಲ್ಲ."

"ಅಂಗಾರೆ ನಿಧಾನುಕ್ಕೂ ಒಂದ್ ಲೆಕ್ಕ ಐತೆ ಅನ್ನಿ" ಎಂದು ಹುಲಿಯಪ್ಪ ಪಾಲಾಕ್ಷನ ಕಡೆ ನೋಡಿದ. "ಸಾವ್ಕಾರ್ರೆ, ಬೇಜಾರ್ ಮಾಡ್ಕಬ್ಯಾಡಿ."

"ಇಲ್ಲ ಬಿಡೋ" ಎಂದ ಪಾಲಾಕ್ಷ.

ಬೇಜಾರಂತೂ ಆಗಿತ್ತು. ಎರಡು ದಿನ ಅವನು ಮನೆಯಲ್ಲಿ ಯಾರೊಂದಿಗೂ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮಂಡಿಗೆ ಹೊರಟವನು ಹಿತ್ತಿಲ ಕೋಣೆಯ ಬಾಗಿಲಲ್ಲಿ ನಿಂತ.

"ಒಂದು ಮಾತು ಕೇಳ್ತೀನಿ. ಆ ಎರಡು ವರ್ಷದಲ್ಲಿ ನಾನು ಹನ್ನೊಂದು ಪಂದ್ಯ ಗೆದ್ದಿದ್ದೆ. ನಿನ್ನ ಲೆಕ್ಕದಲ್ಲಿ ಅದರಲ್ಲಿ ನಿಜವಾಗಿ ನನ್ನವು ಎಷ್ಟು?"

ಅವಳು ಅದನ್ನು ಆಗಲೇ ನೋಡಿದ್ದಳು. "ಮೂರು."

ಪಾಲಾಕ್ಷ ಬಾಗಿಲ ಚೌಕಟ್ಟಿಗೆ ಒರಗಿದ. "ಮೂರಾದ್ರೂ ಇದಾವಲ್ಲ" ಎಂದ. ಹೋಗುವವನು ಮತ್ತೆ ತಿರುಗಿದ. "ಭಾವ ಹೋದಾಗಿನಿಂದ ನೀನು ಒಂದು ಸಲವೂ ಅಳಲಿಲ್ಲವಲ್ಲ ಗಂಗಾ. ಸುವರ್ಣ ಹೆದರಿಕೊಂಡಿದ್ದಾಳೆ. ನನಗೂ ಹೆದರಿಕೆಯೇ."

"ಬರಲಿಲ್ಲ ಅಣ್ಣ. ಬೇಕು ಅಂತ ತಡೆದದ್ದಲ್ಲ. ಒಳಗೆ ನೋಡಿದ್ರೆ ಏನೂ ಇಲ್ಲ."

ಪಾಲಾಕ್ಷ "ಭಾನುವಾರ ಬರ್ತೀಯಾ?" ಎಂದು ಮಾತ್ರ ಕೇಳಿದ. ಅವಳು ಹೂಂ ಎಂದಳು.

ಬೈರಯ್ಯ ಹುಷಾರಾದ ಮೇಲೂ ಪುಸ್ತಕ ಅವಳ ಕೈಯಲ್ಲೇ ಉಳಿಯಿತು. ಅಕ್ಕಪಕ್ಕದವರು ಆಡಿಕೊಂಡರು. ಸುವರ್ಣಮ್ಮ ಮೊದಮೊದಲು ಅದನ್ನೆಲ್ಲ ತಂದು ಹೇಳುತ್ತಿದ್ದಳು. ಆಮೇಲೆ ಅವಳೇ ಆಡಿಕೊಂಡವರ ಬಾಯಿ ಮುಚ್ಚಿಸತೊಡಗಿದಳು. ಭಾನುವಾರ ಏರಿಯ ಮೇಲೆ ಕೂರುವುದು ಅವಳಿಗೂ ರೂಢಿಯಾಗಿತ್ತು.

ಪುಷ್ಯದಲ್ಲಿ ಒಂದು ದಿನ ಗಾಳಿ ಜೋರಾಗಿ, ಪಂದ್ಯ ಬೇಡವೆಂದಾಯಿತು. ಪಾಲಾಕ್ಷ ಸುಮ್ಮನೆ ಒಂದು ಸುತ್ತು ಬರುತ್ತೇನೆಂದು ನಂದಿಯನ್ನು ಬಿಚ್ಚಿದ. ಗಂಗಾಂಬಿಕೆಯನ್ನು ಕರೆದ. ಅವಳು ಹತ್ತಿ ಕೂತಳು. ನಡುನೀರಿಗೆ ಹೋಗುತ್ತಲೇ ಗಾಳಿ ಹಾಯಿಗೆ ಬಡಿದು ದೋಣಿ ಒಂದು ಮಗ್ಗುಲಿಗೆ ವಾಲಿತು. ನೀರು ಅಂಚಿನ ಮೇಲೆ ಬಂದು ಅವಳ ಮಡಿಲಿಗೆ ಸುರಿಯಿತು. ಅವಳು ಎರಡೂ ಕೈಯಿಂದ ಹಾಯಿಕಂಬವನ್ನು ಅಪ್ಪಿಕೊಂಡು, "ಅಣ್ಣಾ, ತಿರುಗಿಸು" ಎಂದಳು. ಪಾಲಾಕ್ಷ ಹಗ್ಗ ಸಡಿಲಬಿಟ್ಟ. ದೋಣಿ ನೆಟ್ಟಗಾಯಿತು.

ಮನೆಗೆ ಬಂದು ಸೀರೆ ಬದಲಾಯಿಸಿ ಒಲೆಯ ಮುಂದೆ ಕೂತಳು. ಸುವರ್ಣಮ್ಮ ಬಿಸಿ ಹಾಲು ಕೊಟ್ಟಳು.

"ಹೆದರಿಕೆಯಾಯ್ತು ಅತ್ತಿಗೆ" ಎಂದಳು ಗಂಗಾಂಬಿಕೆ. ಹೇಳಿ, ತಾನು ಆಡಿದ ಮಾತು ತನಗೇ ಹೊಸದೆಂಬಂತೆ ಅತ್ತಿಗೆಯ ಮುಖ ನೋಡಿದಳು. "ಸಾಯ್ತೀನಿ ಅಂತ ತುಂಬಾ ಹೆದರಿಕೆಯಾಯ್ತು."

ಸುವರ್ಣಮ್ಮ ಪಕ್ಕದಲ್ಲಿ ಕೂತು ಅವಳ ಒದ್ದೆ ಕೂದಲನ್ನು ಬಿಚ್ಚಿ ಒರೆಸಿದಳು. ಆಗಲೂ ಗಂಗಾಂಬಿಕೆಗೆ ಅಳು ಬರಲಿಲ್ಲ. ಅದು ಬಂದದ್ದು ಮುಂದಿನ ವರ್ಷ, ಹೊಳೆನರಸೀಪುರದಲ್ಲಿ ಹೆಣ್ಣುಮಕ್ಕಳಿಗೆ ಲೆಕ್ಕ ಹೇಳಿಕೊಡುವ ಕೆಲಸ ಸಿಕ್ಕಿ ಹೋದ ಮೇಲೆ. ಒಂದು ಸಂಜೆ ಹೇಮಾವತಿಯ ದಂಡೆಯಲ್ಲಿ ಕೊಡ ತೊಳೆಯುತ್ತಿದ್ದಾಗ, ಯಾವ ಕಾರಣವೂ ಇಲ್ಲದೆ ಬಂತು. ಅತ್ತು ಮುಗಿಸಿ, ಕೊಡ ತುಂಬಿಕೊಂಡು ಮನೆಗೆ ಹೋದಳು.